ಮುದುಮಲೆಯಿಂದ ಬೆಂಗಳೂರಿಗೆ: ಭಾನುವಾರ ಸಂಜೆ ಆರೂಕಾಲಿಗೆ ಹೊರಟರೆ ಆದೀತೇ?

ಮೂರನೇ ಗೇರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೆಯ ವಾರದ ಕೊನೆಗೆ ನಾವು ಐವರು ಕಾರಿನಲ್ಲಿ ಊಟಿಗೆ ಹೋಗಿ, ಅಲ್ಲಿಂದ ಮುದುಮಲೆ ಕಾಡಿಗೆ ಇಳಿದು, ಬಂಡೀಪುರ, ಗುಂಡ್ಲುಪೇಟೆ, ಮೈಸೂರಿನ ಮೇಲೆ ಬೆಂಗಳೂರಿಗೆ ಹಿಂದಿರುಗಬೇಕೆಂದಿದ್ದೇವೆ. ಹೋಗುವ ಹಾದಿಯ ಬಗ್ಗೆ ನನಗೆ ಚಿಂತೆಯಿಲ್ಲ. ನೀಲಗಿರಿ ಜಿಲ್ಲೆಗೆ ಬೇಕಾದ ಇ-ಪಾಸ್ ಮಾಡಿಸಿಕೊಂಡಾಗಿದೆ. ಕಲ್ಹಟ್ಟಿಯ 36 ತಿರುವುಗಳ ಘಾಟಿಯಲ್ಲಿ ಹೊರಗಿನ ಕಾರುಗಳನ್ನು ಇಳಿಯಲು ಬಿಡುವುದಿಲ್ಲವೆಂದು ತಿಳಿದಿರುವುದರಿಂದ ಪೈಕಾರ, ನಡುವಟ್ಟಂ, ಗೂಡಲೂರನ್ನು ಸುತ್ತಿಕೊಂಡೇ ಬರುತ್ತೇವೆ. ಶನಿವಾರ ರಾತ್ರಿಗೆ ಮಸಿನಗುಡಿಯಲ್ಲಿ ಕೊಠಡಿ ಗೊತ್ತುಮಾಡಿದ್ದೇನೆ. ತೊಡಕಿರುವುದು ಭಾನುವಾರದ ವಾಪಸು ಪ್ರಯಾಣದಲ್ಲಿ.

ನನ್ನ ಲೆಕ್ಕ ಹೀಗಿದೆ: ಬೆಳಿಗ್ಗೆ ಅರಣ್ಯ ಇಲಾಖೆಯ ವಾಹನದಲ್ಲಿ ಸಫಾರಿ, ಮಧ್ಯಾಹ್ನ ಕೊಠಡಿಯಲ್ಲಿ ವಿಶ್ರಾಂತಿ, ಸಂಜೆ ಐದೂವರೆಗೆ ತೆಪ್ಪಕಾಡಿನ ಶಿಬಿರದಲ್ಲಿ ಆನೆಗಳಿಗೆ ಊಟ ಕೊಡುವುದನ್ನು ನೋಡಿ, ಆರೂಕಾಲಿಗೆ ಅಲ್ಲಿಂದಲೇ ಹೊರಡುವುದು. ಆನೆಗಳ ಊಟವನ್ನು ಬಿಡುವಂತಿಲ್ಲ. ನನ್ನ ಆರು ವರ್ಷದ ಮಗಳು ಈ ಪ್ರವಾಸಕ್ಕೆ ಒಪ್ಪಿರುವುದೇ ಅದಕ್ಕಾಗಿ. ಊಟಿ, ದೊಡ್ಡಬೆಟ್ಟ, ರೈಲು ಯಾವುದೂ ಅವಳ ಲೆಕ್ಕಕ್ಕಿಲ್ಲ. ಫೋನಿನ ನಕ್ಷೆಯ ಪ್ರಕಾರ ತೆಪ್ಪಕಾಡಿನಿಂದ ಬನಶಂಕರಿಯ ನಮ್ಮ ಮನೆಗೆ ಸುಮಾರು 235 ಕಿ.ಮೀ., ಐದು ಗಂಟೆಯ ಹಾದಿ. ಊಟಕ್ಕೆಂದು ಮುಕ್ಕಾಲು ಗಂಟೆ ಸೇರಿಸಿದರೂ ಹನ್ನೆರಡಕ್ಕೆ ಮನೆ ಸೇರುತ್ತೇವೆ. ಸೋಮವಾರ ಒಂಬತ್ತೂವರೆಗೆ ನಾನು ಕಚೇರಿಯಲ್ಲಿರಬೇಕು.

ಕಾರು ಓಡಿಸುವವನು ನಾನೊಬ್ಬನೇ ಎಂದಿಟ್ಟುಕೊಳ್ಳಿ. ನನ್ನ ಹೆಂಡತಿಗೆ ಓಡಿಸಲು ಬರುತ್ತದೆ, ಆದರೆ ಕತ್ತಲಾದ ಮೇಲೆ ಎದುರಿನ ವಾಹನಗಳ ದೀಪ ಅವಳ ಕಣ್ಣಿಗೆ ಆಗುವುದಿಲ್ಲ. ತಂದೆಗೆ 73 ವರ್ಷ, ಎರಡು ಗಂಟೆಗೊಮ್ಮೆ ಇಳಿಯಲೇಬೇಕು. ತಾಯಿಗೆ ಹೊರಗಿನ ಊಟ ಆಗದು ಎಂಬುದನ್ನು ಇಲ್ಲಿ ಬರೆಯಬಾರದಾಗಿತ್ತೇನೋ, ಆದರೂ ಹಾದಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದು ಅದರ ಮೇಲೂ ನಿಂತಿದೆ.

ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಮುಚ್ಚುತ್ತದೆಯಲ್ಲ, ಅದಕ್ಕೆ ಸಿಕ್ಕಿಹಾಕಿಕೊಳ್ಳುವ ಭಯವಿದೆಯೇ? ಮೈಸೂರಿನಿಂದ ಮುಂದೆ ಹೊಸ ಹೆದ್ದಾರಿ ಹಿಡಿಯುವುದೇ, ಬೇರೆ ಹಾದಿ ಇದೆಯೇ? ಅಥವಾ ಭಾನುವಾರ ರಾತ್ರಿ ಮೈಸೂರಿನಲ್ಲೇ ಉಳಿದು ಸೋಮವಾರ ನಸುಕಿನಲ್ಲಿ ಹೊರಡುವುದು ಮೇಲೇ? ಈ ಹಾದಿಯನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಕಾಫಿಬೆಟ್ಟ

ಒಂಬತ್ತು ಗಂಟೆ ಎಂದು ನಂಬಿಕೊಂಡು ಹೋಗಬೇಡಿ. ಎರಡು ವರ್ಷದ ಹಿಂದೆ ನಾವು ವಯನಾಡಿನಿಂದ ಮೈಸೂರಿಗೆ ಬರುವಾಗ ಸಂಜೆ ಆರೂ ಹತ್ತಕ್ಕೆ ಕಾಡಿನ ಗೇಟು ಹಾಕಿ ನಮ್ಮನ್ನು ಹಿಂದಕ್ಕೆ ಕಳುಹಿಸಿದರು. ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಆ ರಾತ್ರಿ ಸಿಕ್ಕಿದ ಕೊಠಡಿಯಲ್ಲಿ ಏಳು ಜನ ಮಲಗಿದೆವು. ನೀವು ಆರೂಕಾಲಿಗೆ ಹೊರಟರೆ ನಿಮ್ಮ ಕಥೆಯೂ ಅದೇ ಆಗುತ್ತದೆ.

ತೆರಕಣಾಂಬಿ ತಿರುವು

ಕಾಫಿಬೆಟ್ಟದವರು ಹೇಳುತ್ತಿರುವುದು ಬಾವಲಿಯ ಹಾದಿ ಇರಬೇಕು. ಮಾನಂದವಾಡಿಯಿಂದ ಬಾವಲಿಯ ಮೇಲೆ ಎಚ್.ಡಿ. ಕೋಟೆ, ಮೈಸೂರಿಗೆ ಬರುವ ಆ ರಸ್ತೆ ನಾಗರಹೊಳೆ ಕಾಡಿನೊಳಗೆ ಹಾದುಬರುತ್ತದೆ, ಅಲ್ಲಿ ಗೇಟು ಸಂಜೆ ಆರಕ್ಕೇ ಬೀಳುತ್ತದೆ. ಬಂಡೀಪುರದ ಎರಡು ಹೆದ್ದಾರಿಗಳಿಗೆ, ಎಂದರೆ ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವುದಕ್ಕೂ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವುದಕ್ಕೂ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ನಿರ್ಬಂಧ. ಎರಡನ್ನೂ ಕಲಸಿಕೊಂಡು ಪ್ರತಿ ವರ್ಷ ಯಾರಾದರೊಬ್ಬರು ಗಾಬರಿಯಾಗುತ್ತಾರೆ.

ಆದ್ದರಿಂದ ಗೇಟಿನ ಭಯ ಬಿಡಿ. ತೆಪ್ಪಕಾಡಿನಿಂದ ಗುಂಡ್ಲುಪೇಟೆಗೆ 40 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಮೋಯಾರ್ ಹೊಳೆಯನ್ನು ದಾಟಿ ಕೆಕ್ಕನಹಳ್ಳದ ಚೆಕ್‌ಪೋಸ್ಟ್‌ಗೆ ಬಂದರೆ ಕರ್ನಾಟಕ. ಅಲ್ಲಿಂದ ಬಂಡೀಪುರ, ಮುಂದೆ ಮೇಲುಕಾಮನಹಳ್ಳಿ. ಮೇಲುಕಾಮನಹಳ್ಳಿಯನ್ನು ದಾಟಿದಿರೆಂದರೆ ಮುಚ್ಚುವ ಭಾಗ ಮುಗಿಯಿತು. ಆರೂಕಾಲಿಗೆ ಹೊರಟವರು ಎಷ್ಟು ನಿಧಾನಿಸಿದರೂ ಏಳೂವರೆಯೊಳಗೆ ಹೊರಗಿರುತ್ತಾರೆ.

ನೀವು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿರುವುದು ಕತ್ತಲನ್ನು. ಡಿಸೆಂಬರಿನಲ್ಲಿ ನಮ್ಮ ಕಡೆ ಆರೂಕಾಲಿಗೆ ಬೆಳಕು ಇಳಿದುಹೋಗಿರುತ್ತದೆ, ಕಾಡಿನೊಳಗೆ ಅದಕ್ಕಿಂತ ಮೊದಲೇ. ಪೂರ್ತಿ ಹಗಲಲ್ಲಿ ಪ್ರಾಣಿ ಕಾಣುತ್ತದೆ; ಪೂರ್ತಿ ರಾತ್ರಿಯಲ್ಲಿ ಅದರ ಕಣ್ಣಾದರೂ ಹೊಳೆಯುತ್ತದೆ; ಈ ನಡುವಿನ ಮುಕ್ಕಾಲು ಗಂಟೆಯಲ್ಲಿ ಬೂದು ಬಣ್ಣದ ರಸ್ತೆಯ ಮೇಲೆ ಬೂದು ಬಣ್ಣದ ಆನೆ ನಿಂತಿದ್ದರೆ ಹತ್ತಿರ ಹೋಗುವವರೆಗೆ ತಿಳಿಯುವುದಿಲ್ಲ. ರಸ್ತೆಯ ಎರಡೂ ಬದಿಗೆ ಲಂಟಾನದ ಪೊದೆ ಒತ್ತಾಗಿ ಬೆಳೆದಿರುವುದರಿಂದ ಹತ್ತು ಅಡಿ ಒಳಗಿರುವ ಕಾಡೆಮ್ಮೆ ಕೂಡ ಕಾಣದು. ಜಿಂಕೆಯದು ಇನ್ನೊಂದು ಗುಣ: ಒಂದು ದಾಟಿತೆಂದು ನೀವು ಕಾಲನ್ನು ಬ್ರೇಕಿನಿಂದ ತೆಗೆದ ಕ್ಷಣಕ್ಕೆ ಸರಿಯಾಗಿ ಎರಡನೆಯದು ನೆಗೆಯುತ್ತದೆ, ಏಕೆಂದರೆ ಅದು ಮೊದಲಿನದನ್ನು ನೋಡುತ್ತಿರುತ್ತದೆಯೇ ಹೊರತು ನಿಮ್ಮನ್ನಲ್ಲ.

ಕಾಡು ಮುಗಿದ ಮೇಲೂ ಹಾಯೆನಿಸುವುದಿಲ್ಲ. ಗುಂಡ್ಲುಪೇಟೆಯಿಂದ ಬೇಗೂರಿನವರೆಗೆ ಹೊಲದಿಂದ ಹಿಂದಿರುಗುವ ಎತ್ತಿನ ಗಾಡಿಗಳು, ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರುಗಳು, ದನಗಳು ಎಲ್ಲವೂ ಅದೇ ಹೊತ್ತಿಗೆ ರಸ್ತೆಯಲ್ಲಿರುತ್ತವೆ. ನಾನು ಇದೇ ಊರಿನವನು, ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ; ಆದರೂ ಸಂಜೆ ಆರರಿಂದ ಎಂಟರವರೆಗೆ ಕೆಲಸವಿದ್ದರಷ್ಟೇ ಗಾಡಿ ತೆಗೆಯುತ್ತೇನೆ.

ಇಷ್ಟೆಲ್ಲ ಹೇಳಬೇಕಾಗಿಯೇ ಇರಲಿಲ್ಲ. ತೆಪ್ಪಕಾಡಿನಲ್ಲಿ ಆನೆಗಳಿಗೆ ಊಟ ಕೊಡುವುದು ದಿನಕ್ಕೆ ಎರಡು ಸಲ, ಬೆಳಿಗ್ಗೆ ಎಂಟೂವರೆಯ ಸುಮಾರಿಗೂ ಒಮ್ಮೆ. ಅದೇ ರಾಗಿ, ಅದೇ ಹುರುಳಿ, ಅದೇ ಬೆಲ್ಲ. ಬೆಳಿಗ್ಗೆ ಆರೂವರೆಯ ಸಫಾರಿ ಮುಗಿಸಿ, ಆನೆಗಳ ಊಟ ನೋಡಿ, ಒಂಬತ್ತೂವರೆಗೆ ಹೊರಡಿ. ಮಗಳ ಹಟವೂ ತೀರುತ್ತದೆ, ಸಂಜೆ ಐದಕ್ಕೆ ನೀವು ಮನೆಯಲ್ಲಿರುತ್ತೀರಿ. ಸಂಜೆಯ ಊಟವೇ ಆಗಬೇಕೆಂದಿದ್ದರೆ ಶನಿವಾರ ಗೂಡಲೂರಿನಿಂದ ಬರುವಾಗ ನೋಡಿಕೊಳ್ಳಬಹುದು, ಹೇಗೂ ಆ ರಾತ್ರಿ ಮಸಿನಗುಡಿಯಲ್ಲಿ ಉಳಿಯುತ್ತೀರಿ, ತೆಪ್ಪಕಾಡಿನಿಂದ ಅದು ಏಳೆಂಟು ಕಿ.ಮೀ. ಅಷ್ಟೇ.

ಉದ್ದಹಾದಿ

ಮೇಲಿನ ಉತ್ತರಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ. ನಾನು ಹೇಳಬೇಕೆಂದಿರುವುದು ಮೈಸೂರಿನಿಂದ ಆಚೆಗಿನ ಭಾಗದ ಬಗ್ಗೆ, ಏಕೆಂದರೆ ಎಲ್ಲರೂ ಕಾಡಿಗೆ ಹೆದರುತ್ತಾರೆ, ಹೆದ್ದಾರಿಗೆ ಯಾರೂ ಹೆದರುವುದಿಲ್ಲ.

ಮೈಸೂರು-ಬೆಂಗಳೂರು ಹೆದ್ದಾರಿ 118 ಕಿ.ಮೀ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ನಾನು ಅದರಲ್ಲಿ ಓಡಾಡಿದ ಲೆಕ್ಕ ಇಟ್ಟಿಲ್ಲ. ತಿಂಗಳಿಗೆ ಮೂರು ನಾಲ್ಕು ಸಲವಂತೂ ಆಗುತ್ತದೆ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಈ ಎಲ್ಲ ಊರುಗಳನ್ನೂ ಅದು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಅದರ ಅರ್ಥ, ಕಾರು ಓಡಿಸುವವನ ಕಣ್ಣಿಗೆ ಕೆಲಸವೇ ಇಲ್ಲ. ಹಳೆಯ ರಸ್ತೆಯಲ್ಲಿ ಮದ್ದೂರಿನ ವಡೆಯ ಅಂಗಡಿ, ಚನ್ನಪಟ್ಟಣದ ಬೊಂಬೆ, ಒಂದು ಸಿಗ್ನಲ್, ಒಬ್ಬ ಅಡ್ಡ ಬರುವ ಸೈಕಲ್ಲಿನವ, ಇವೆಲ್ಲ ಮನುಷ್ಯನನ್ನು ಎಚ್ಚರವಾಗಿಡುತ್ತಿದ್ದವು. ಈಗ ಇರುವುದು ಬಿಳಿ ಗೆರೆ, ಮುಂದಿನ ಗಾಡಿಯ ಕೆಂಪು ದೀಪ, ಮತ್ತೆ ಬಿಳಿ ಗೆರೆ.

ಕಳೆದ ವರ್ಷ ನಾಗರಹೊಳೆಯ ಬೆಳಗಿನ ಸಫಾರಿಗೆಂದು ನಸುಕಿನ ನಾಲ್ಕೂವರೆಗೆ ಎದ್ದು, ಹಗಲೆಲ್ಲ ಸುತ್ತಿ, ಅದೇ ದಿನ ರಾತ್ರಿ ಹತ್ತಕ್ಕೆ ನಾನು ಈ ಹೆದ್ದಾರಿ ಹತ್ತಿದೆ. ಚನ್ನಪಟ್ಟಣವನ್ನು ಬಳಸುವ ಜಾಗದಲ್ಲಿ ಎಡ ಚಕ್ರ ಅಂಚಿನ ಉಬ್ಬುಪಟ್ಟಿಯ ಮೇಲೆ ಹತ್ತಿ ಗರ್ರೆಂದು ಸದ್ದಾದಾಗ ಕಣ್ಣುಬಿಟ್ಟೆ. ಕಣ್ಣು ಮುಚ್ಚಿದ್ದು ನೆನಪಿಲ್ಲ, ಬಿಟ್ಟದ್ದು ನೆನಪಿದೆ. ಹಿಂದೆ ಕುಳಿತಿದ್ದವರೆಲ್ಲ ನಿದ್ದೆಯಲ್ಲಿದ್ದುದರಿಂದ ಯಾರಿಗೂ ತಿಳಿಯಲಿಲ್ಲ, ನಾನು ಹೇಳಲೂ ಇಲ್ಲ. ಮುಂದಿನ ನಿರ್ಗಮನದಲ್ಲಿ ಸರ್ವಿಸ್ ರಸ್ತೆಗೆ ಇಳಿದು, ಬಾಗಿಲು ತೆಗೆದು, ಅರ್ಧ ಗಂಟೆ ಸುಮ್ಮನೆ ನಿಂತೆ. ಸಫಾರಿಯ ದಿನ ದೇಹ ದಣಿದಿರುವುದು ನಮಗೆ ಗೊತ್ತಾಗುವುದಿಲ್ಲ. ಜೀಪಿನಲ್ಲಿ ಕುಳಿತಿದ್ದೆವಷ್ಟೇ ಅಲ್ಲವೇ ಎನಿಸುತ್ತದೆ. ನಸುಕಿನಲ್ಲಿ ಎದ್ದವನು ಆ ರಾತ್ರಿ ಹನ್ನೆರಡರವರೆಗೆ ಒಬ್ಬನೇ ಓಡಿಸುವುದನ್ನು ನಾನಂತೂ ಒಪ್ಪಲಾರೆ.

ಊಟದ ವಿಷಯ. ಹೆದ್ದಾರಿ ಹತ್ತಿದ ಮೇಲೆ ಬೇಕೆಂದಲ್ಲಿ ನಿಲ್ಲಿಸುವ ಹಾಗಿಲ್ಲ. ಇಳಿಯುವ ಜಾಗಗಳು ದೂರ ದೂರ, ಒಂದು ತಪ್ಪಿದರೆ ಮುಂದಿನದರವರೆಗೆ ಕಾಯಬೇಕು. ನಿಮ್ಮ ತಂದೆಯವರು ಎರಡು ಗಂಟೆಗೊಮ್ಮೆ ಇಳಿಯಬೇಕೆಂದಿರುವುದರಿಂದ ಊಟ, ಶೌಚಾಲಯ ಎರಡನ್ನೂ ಮೈಸೂರಿನಲ್ಲೇ ಮುಗಿಸಿಕೊಂಡು ಹೆದ್ದಾರಿ ಹತ್ತಿ. ಊರೊಳಗೆ ನುಗ್ಗುವ ಅಗತ್ಯವಿಲ್ಲ. ನಂಜನಗೂಡಿನಿಂದ ಬರುವಾಗ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುವ ವರ್ತುಲ ರಸ್ತೆಯಲ್ಲಿ ಬಲಕ್ಕೆ ತಿರುಗಿದರೆ ಅದು ನೇರವಾಗಿ ಬೆಂಗಳೂರು ರಸ್ತೆಗೆ ಸೇರಿಸುತ್ತದೆ. ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ಎಂದು ಮಸಿನಗುಡಿಯಲ್ಲೇ ನೋಡಿಕೊಳ್ಳಿ: ಗುಂಡ್ಲುಪೇಟೆ-ಮೈಸೂರು ನಡುವೆ ಸುಂಕದ ಗೇಟು ಇದೆ, ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಣಂಗೂರಿನಲ್ಲಿ ಒಂದು, ಬಿಡದಿಯ ಬಳಿ ಇನ್ನೊಂದು. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ, ಅದನ್ನು ಮೀರಿದವರನ್ನು ಹಿಡಿಯಲು ಕ್ಯಾಮೆರಾಗಳಿವೆ.

ಭಾನುವಾರ ಸಂಜೆ ಐದರ ಮೇಲೆ ಇಡೀ ಬೆಂಗಳೂರು ಈ ದಾರಿಯಲ್ಲಿ ಮನೆಗೆ ಹಿಂದಿರುಗುತ್ತಿರುತ್ತದೆ. ಹೆದ್ದಾರಿಯಲ್ಲಿ ಒಂದೂವರೆ ಗಂಟೆಯಲ್ಲಿ ಬಂದು, ಕುಂಬಳಗೋಡಿನಿಂದ ಕೆಂಗೇರಿಗೆ ಮುಕ್ಕಾಲು ಗಂಟೆ ತೆವಳಿದ್ದುಂಟು. ಬನಶಂಕರಿಗೆ ಹೋಗುವವರು ಅಲ್ಲಿ ನೈಸ್ ರಸ್ತೆಗೆ ತಿರುಗಿಕೊಂಡು ಕನಕಪುರ ರಸ್ತೆಯಲ್ಲಿ ಇಳಿದರೆ ಆ ತೆವಳಾಟ ತಪ್ಪುತ್ತದೆ. ಸುಂಕ ಹೆಚ್ಚು, ಆದರೆ ಆ ಹೊತ್ತಿಗೆ ಯಾರಿಗೂ ಲೆಕ್ಕ ಬೇಕಿರುವುದಿಲ್ಲ.

ಕೊಳ್ಳೇಗಾಲದ ಅಳಿಯ

ಬೇರೆ ಹಾದಿ ಇದೆಯೇ ಎಂದು ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರಿಸಿಲ್ಲ. ಇದೆ. ಗುಂಡ್ಲುಪೇಟೆಯಿಂದ ಬಲಕ್ಕೆ ತಿರುಗಿ ತೆರಕಣಾಂಬಿಯ ಮೇಲೆ ಚಾಮರಾಜನಗರ, ಅಲ್ಲಿಂದ ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಸಾತನೂರು, ಕನಕಪುರ, ಬನಶಂಕರಿ. ದೂರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ಆದರೆ ಒಂದು ಗಂಟೆಯಾದರೂ ಹೆಚ್ಚು ಹಿಡಿಯುತ್ತದೆ. ಮೈಸೂರಿನ ದಟ್ಟಣೆಯಿಲ್ಲ, ಹೆದ್ದಾರಿಯ ಬೇಸರವಿಲ್ಲ, ನಿಮ್ಮ ಮನೆಯ ರಸ್ತೆಗೇ ಬಂದು ಬೀಳುತ್ತೀರಿ.

ಯಳಂದೂರಿನ ಬಳಿ ಬಲಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ಉದ್ದಕ್ಕೂ ಜೊತೆಗೆ ಬರುತ್ತದೆ. ಕೊಳ್ಳೇಗಾಲ ದಾಟಿ ಸತ್ತೇಗಾಲದ ಬಳಿ ಕಾವೇರಿಯ ಸೇತುವೆಯ ಮೇಲೆ ಹೋಗುವಾಗ ಗಾಜು ಇಳಿಸಿದರೆ ನೀರಿನ ವಾಸನೆ ಬರುತ್ತದೆ. ನಾನು ಹದಿನಾಲ್ಕು ವರ್ಷದಿಂದ ಹಬ್ಬಕ್ಕೊಮ್ಮೆ ಈ ಹಾದಿಯಲ್ಲಿ ಮಾವನ ಮನೆಗೆ ಹೋಗಿಬರುತ್ತಿದ್ದೇನೆ. ಹೋಗುವಾಗಲೂ ಬರುವಾಗಲೂ ಮನಸ್ಸು ಒಂದೇ ಸಮ ಇರುವುದು ಈ ರಸ್ತೆಯಲ್ಲಿ ಮಾತ್ರ.

ಆದರೆ ಇದು ಹಗಲಿನ ಹಾದಿ. ರಾತ್ರಿಯಲ್ಲಿ ಬೇಡ. ಊರೊಳಗಿನ ಉಬ್ಬುಗಳು, ಕಿರಿದಾದ ತಿರುವುಗಳು, ಕೆಲವು ಕಡೆ ಎರಡು ಲಾರಿ ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕು. ಸಾತನೂರಿನ ಆಸುಪಾಸಿನಲ್ಲಿ ಮುತ್ತತ್ತಿಯ ಕಡೆಯ ಕಾಡಿನಿಂದ ಆನೆಗಳು ಹೊಲಗಳಿಗೆ ಬರುವುದೂ ಉಂಟು. ಮುದುಮಲೆಯಲ್ಲಿ ಕಾಣದ ಆನೆ ಕನಕಪುರ ತಾಲ್ಲೂಕಿನಲ್ಲಿ ಕಂಡವರಿದ್ದಾರೆ.

ತೆರಕಣಾಂಬಿ ತಿರುವು

ಅಳಿಯಂದಿರು ನಮ್ಮೂರಿನ ಹಾದಿಯನ್ನು ಹೊಗಳಿದ್ದಕ್ಕೆ ಸಂತೋಷವಾಯಿತು, ಆದರೆ 73 ವರ್ಷದವರನ್ನು ಕೂರಿಸಿಕೊಂಡು ಆ ಉಬ್ಬುಗಳ ಮೇಲೆ ಹೋಗುವುದನ್ನು ನಾನು ಹೇಳಲಾರೆ. ನಿಮ್ಮ ತಂದೆಯವರ ಬೆನ್ನು ಚೆನ್ನಾಗಿದ್ದರೆ ಯೋಚಿಸಿ. ಇಲ್ಲವಾದರೆ ನಂಜನಗೂಡಿನ ಹಾದಿಯೇ ಸರಿ. ಗುಂಡ್ಲುಪೇಟೆಯಿಂದ ನಂಜನಗೂಡಿಗೆ 36 ಕಿ.ಮೀ., ಅಲ್ಲಿಂದ ಮೈಸೂರಿಗೆ 23; ಬೆಳಿಗ್ಗೆ ಒಂಬತ್ತೂವರೆಗೆ ತೆಪ್ಪಕಾಡು ಬಿಟ್ಟರೆ ಹನ್ನೊಂದೂವರೆ ಹೊತ್ತಿಗೆ ಶ್ರೀಕಂಠೇಶ್ವರನ ಗುಡಿಯ ಮುಂದಿರುತ್ತೀರಿ. ಸೋಮವಾರ, ಹುಣ್ಣಿಮೆಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದ್ದರಿಂದ ಮೈಸೂರಿನಲ್ಲಿ ಉಳಿದು ಸೋಮವಾರ ಹೊರಡುವ ಆಲೋಚನೆಯಲ್ಲಿ ನಂಜನಗೂಡನ್ನು ಸೇರಿಸಬೇಡಿ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆಂಬುದು ನೆನಪಿರಲಿ.

ಒಂದು ಸಹಾಯ ಮಾಡಿ. ಬಂಡೀಪುರದ ಒಳಗೆ ರಸ್ತೆಯ ಉಬ್ಬುಗಳು ಒಂದರ ಹಿಂದೊಂದು ಇವೆ, ಕೆಲವಕ್ಕೆ ಬಳಿದ ಬಿಳಿ ಬಣ್ಣ ನಾನು ಹೋದ ಸಲ ನೋಡಿದಾಗ ಪೂರ್ತಿ ಮಾಸಿತ್ತು. ನೀವು ಬರುವ ಹೊತ್ತಿಗೆ ಹೊಸದಾಗಿ ಬಳಿದಿದ್ದಾರೆಯೇ ಎಂದು ನೋಡಿ ಇಲ್ಲಿ ಬರೆಯಿರಿ. ನನ್ನ ಮಗ ಬೈಕಿನಲ್ಲಿ ಬರುವವನಿದ್ದಾನೆ.

ಲಂಟಾನ

ಗೇಟಿನ ಬಗ್ಗೆ ಇಷ್ಟು ಮಾತಾಗಿರುವುದರಿಂದ ಅದರ ಹಿನ್ನೆಲೆಯನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತೇನೆ, ಏಕೆಂದರೆ ಇದನ್ನು ಪ್ರವಾಸಿಗರಿಗೆ ತೊಂದರೆ ಕೊಡಲು ಮಾಡಿದ ನಿಯಮವೆಂದು ಭಾವಿಸುವವರು ಇನ್ನೂ ಇದ್ದಾರೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಸಂಚಾರವನ್ನು ನಿಲ್ಲಿಸಿದರು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ರಾತ್ರಿ ಓಡಾಡುವುದು ಆಂಬುಲೆನ್ಸ್‌ನಂಥ ತುರ್ತು ವಾಹನಗಳು ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳು ಮಾತ್ರ. ವಯನಾಡಿನವರು ಇದನ್ನು ತೆಗೆಯಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿದೆ. ಅವರ ಕಷ್ಟ ಸುಳ್ಳಲ್ಲ. ಆಸ್ಪತ್ರೆಗೆ, ವ್ಯಾಪಾರಕ್ಕೆ ಮೈಸೂರನ್ನೇ ನಂಬಿದ ಊರುಗಳು ಅಲ್ಲಿವೆ. ಆದರೆ ಬಂಡೀಪುರ, ಮುದುಮಲೆ, ನಾಗರಹೊಳೆ, ವಯನಾಡು ಇವೆಲ್ಲ ನಕ್ಷೆಯಲ್ಲಿ ನಾಲ್ಕು ಹೆಸರು, ಪ್ರಾಣಿಗೆ ಒಂದೇ ಕಾಡು. ಆ ಕಾಡನ್ನು ಈ ರಸ್ತೆಗಳು ಕತ್ತರಿಸಿಕೊಂಡು ಹೋಗುತ್ತವೆ. ನೀರಿಗೆ, ಮೇವಿಗೆ ರಸ್ತೆ ದಾಟಲೇಬೇಕಾದ ಪ್ರಾಣಿಗೆ ದಿನದಲ್ಲಿ ಒಂಬತ್ತು ಗಂಟೆಯಾದರೂ ಬಿಡುವಿರಲಿ ಎಂಬುದಷ್ಟೇ ಇದರ ಉದ್ದೇಶ.

ಹಗಲಿನಲ್ಲಿ ಹೋಗುವವರಿಗೂ ಒಂದೆರಡು ಮಾತು. ಕಾಡಿನೊಳಗೆ ಎಲ್ಲೂ ಕಾರು ನಿಲ್ಲಿಸಿ ಇಳಿಯಬೇಡಿ, ಮಗುವಿಗೆ ಜಿಂಕೆ ತೋರಿಸುವುದಕ್ಕೂ ಬೇಡ. 2025ರ ಆಗಸ್ಟಿನಲ್ಲಿ ಇದೇ ಕೆಕ್ಕನಹಳ್ಳದ ಬಳಿ ಕಾರಿನಿಂದ ಇಳಿದು ಆನೆಯ ಜೊತೆ ಸೆಲ್ಫಿ ತೆಗೆಯಲು ಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿದ ವಿಡಿಯೊವನ್ನು ನೀವೂ ನೋಡಿರಬಹುದು. ಅವರು ಬದುಕಿಕೊಂಡರು, ಆಮೇಲೆ 25,000 ರೂಪಾಯಿ ದಂಡವನ್ನೂ ಕಟ್ಟಬೇಕಾಯಿತು. ಕೋತಿಗಳಿಗೆ ಬಿಸ್ಕತ್ತು ಎಸೆಯುವುದು ಪುಣ್ಯದ ಕೆಲಸವೆಂದು ಹಿರಿಯರು ಹೇಳಿದರೆ ದಯವಿಟ್ಟು ತಡೆಯಿರಿ. ಎಸೆದ ಬಿಸ್ಕತ್ತಿಗೆ ರಸ್ತೆಗೆ ಬಂದ ಕೋತಿ ಮುಂದಿನ ಕಾರಿನ ಚಕ್ರಕ್ಕೆ ಸಿಗುತ್ತದೆ.

ಆನೆ ರಸ್ತೆಯ ಮೇಲಿದ್ದರೆ ದೂರದಲ್ಲೇ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ, ಹಿಂದಕ್ಕೆ ತೆಗೆಯಲು ಜಾಗವಿರಲಿ. ಹಾರ್ನ್ ಮಾಡಬೇಡಿ. ಹಿಂದಿನವರು ಮಾಡಿದರೆ ಸಹಿಸಿಕೊಳ್ಳಿ. ಮರಿಯಿರುವ ಗುಂಪಾದರೆ ಕೊನೆಯ ಆನೆ ದಾಟಿತೆಂದು ತಕ್ಷಣ ನುಗ್ಗಬಾರದು, ಪೊದೆಯೊಳಗೆ ಇನ್ನೊಂದು ಉಳಿದಿರುವುದು ಸಾಮಾನ್ಯ.

ಮೂರನೇ ಗೇರ್

ಎಲ್ಲರಿಗೂ ಕೃತಜ್ಞತೆಗಳು. ಬೆಳಿಗ್ಗೆಯೂ ಆನೆಗಳಿಗೆ ಊಟ ಕೊಡುತ್ತಾರೆಂಬ ಒಂದು ಸಂಗತಿ ನನಗೆ ಗೊತ್ತಿದ್ದಿದ್ದರೆ ಇಷ್ಟು ಉದ್ದದ ಪ್ರಶ್ನೆಯನ್ನೇ ಬರೆಯುತ್ತಿರಲಿಲ್ಲ. ನಾನು ಕಿಲೋಮೀಟರನ್ನು ಗಂಟೆಗೆ ಭಾಗಿಸುತ್ತ ಕುಳಿತಿದ್ದೆ, ತಂದೆಗೆ ಈ ಉತ್ತರಗಳನ್ನು ಓದಿ ಹೇಳಿದಾಗ ಅವರು "ನಾನು ಇದನ್ನೇ ಹೇಳಿದರೆ ಕೇಳುತ್ತಿದ್ದೆಯಾ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊರಟು ನಂಜನಗೂಡು, ಮೈಸೂರಿನ ಮೇಲೆ ಬರುವುದೆಂದು ತೀರ್ಮಾನಿಸಿದ್ದೇವೆ. ಕೊಳ್ಳೇಗಾಲದ ಹಾದಿಯನ್ನು ಮುಂದೊಮ್ಮೆ, ಬೆನ್ನು ನೋವಿಲ್ಲದವರೊಂದಿಗೆ ನೋಡುತ್ತೇನೆ. ಹೋಗಿಬಂದ ಮೇಲೆ ಬರೆಯುತ್ತೇನೆ.

ಮೂರನೇ ಗೇರ್ (ಹೋಗಿಬಂದ ಮೇಲೆ)

ಮೊನ್ನೆ ಭಾನುವಾರ ಹಿಂದಿರುಗಿದೆವು. ಇದೇ ಹಾದಿಯಲ್ಲಿ ಬರುವವರಿಗೆ ಉಪಯೋಗವಾಗಬಹುದೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸಫಾರಿಯಲ್ಲಿ ಕಂಡದ್ದು ಜಿಂಕೆ, ನವಿಲು, ದೂರದಲ್ಲಿ ಕಾಡೆಮ್ಮೆಗಳ ಒಂದು ಗುಂಪು, ಹುಲಿಯ ಮಾತಿಲ್ಲ. ಶಿಬಿರಕ್ಕೆ ಎಂಟೂಕಾಲಿಗೇ ಹೋಗಿ ನಿಂತೆವು. ಬೇಯಿಸಿದ ರಾಗಿಯನ್ನೂ ಹುರುಳಿಯನ್ನೂ ದೊಡ್ಡ ಇಟ್ಟಿಗೆಯಂತೆ ಕತ್ತರಿಸಿ ಸಾಲಾಗಿ ಇಟ್ಟಿರುತ್ತಾರೆ. ಮಾವುತ ಅದನ್ನು ಎರಡು ಕೈಯಲ್ಲಿ ಒತ್ತಿ ಉಂಡೆ ಮಾಡಿ, ನಡುವೆ ಬೆಲ್ಲದ ಚೂರು ಹುದುಗಿಸಿ, ಸೊಂಡಿಲಿಗೆ ಕೊಡದೆ ನೇರವಾಗಿ ಬಾಯೊಳಗೇ ಇಡುತ್ತಾನೆ. ಒಂದು ಆನೆ ಉಂಡೆಯನ್ನು ಬಾಯಲ್ಲೇ ಇಟ್ಟುಕೊಂಡು ಮಾವುತನ ಇನ್ನೊಂದು ಕೈಯನ್ನು ಸೊಂಡಿಲಿನಿಂದ ಮುಟ್ಟಿ ಮುಟ್ಟಿ ನೋಡುತ್ತಿತ್ತು; ಅವನು ಮುಷ್ಟಿ ಬಿಚ್ಚಿ ಉಳಿದಿದ್ದ ಬೆಲ್ಲ ಕೊಟ್ಟ ಮೇಲೆಯೇ ಅಗಿಯಲು ಶುರುಮಾಡಿತು. ಮಗಳು ಅಲ್ಲಿಂದ ಕದಲಲು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡಳು. ಹೊರಡುವಾಗ ಒಂಬತ್ತೂ ನಲವತ್ತು.

ಕೆಕ್ಕನಹಳ್ಳ ದಾಟಿ ನಾಲ್ಕೈದು ಕಿ.ಮೀ. ಬಂದಿರಬೇಕು, ಮುಂದೆ ಮೂರು ಕಾರು ನಿಂತಿದ್ದವು. ಎರಡು ಹೆಣ್ಣಾನೆ ಮತ್ತು ಒಂದು ಮರಿ ರಸ್ತೆ ದಾಟಿ ಎಡಬದಿಯ ಬಿದಿರಿನ ಹತ್ತಿರ ನಿಂತಿದ್ದವು. ಮೊದಲ ಕಾರಿನವರು ಹೊರಡಲು ಎಂಜಿನ್ ಏರಿಸಿದರು, ಅಷ್ಟರಲ್ಲಿ ಬಲಬದಿಯ ಲಂಟಾನ ಅಲುಗಾಡಿ ನಾಲ್ಕನೆಯದು ಹೊರಬಂತು, ಎಲ್ಲಕ್ಕಿಂತ ದೊಡ್ಡದು. ಅದು ರಸ್ತೆಯ ನಡುವೆ ನಿಂತು ಕಿವಿ ಅಗಲಿಸಿ ನಮ್ಮ ಸಾಲನ್ನು ಒಮ್ಮೆ ನೋಡಿ, ಆಮೇಲೆ ನಿಧಾನವಾಗಿ ದಾಟಿತು. ಯಾರೂ ಹಾರ್ನ್ ಮಾಡಲಿಲ್ಲ. ಒಟ್ಟು ಹನ್ನೆರಡು ನಿಮಿಷ ನಿಂತಿದ್ದೆವು. ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲೂ ಆ ನಾಲ್ಕನೆಯದು ಇರುವುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಹುಲ್ಲು ಸವರಿ ಸುಟ್ಟ ಕಪ್ಪು ಪಟ್ಟೆಗಳಿದ್ದವು. ಬೇಸಿಗೆಯ ಬೆಂಕಿ ದಾಟದಿರಲೆಂದು ಮುಂಚೆಯೇ ಹೀಗೆ ಮಾಡುತ್ತಾರೆಂದು ತಂದೆ ಹೇಳಿದರು. ಅವರಿಗೆ ಇದೆಲ್ಲ ಹೇಗೆ ಗೊತ್ತೋ ನನಗೆ ತಿಳಿಯದು.

ನಂಜನಗೂಡನ್ನು ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಮುಟ್ಟಿದೆವು. ದರ್ಶನವಾಯಿತು. ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು, 1735ರಲ್ಲಿ ಕಟ್ಟಿದ್ದೆಂದು ಹೇಳುತ್ತಾರಲ್ಲ, ಅದನ್ನು ತೋರಿಸೆಂದು ತಂದೆ ಹಟ ಹಿಡಿದದ್ದರಿಂದ ಇಪ್ಪತ್ತು ನಿಮಿಷ ಅದಕ್ಕೂ ಹೋಯಿತು. ತಾಯಿ ರಸಬಾಳೆ ಕೇಳಿ ಒಂದು ಚಿಪ್ಪು ಕೊಂಡರು, ಮಧ್ಯಾಹ್ನದ ಅವರ ಊಟ ಅದೇ ಆಯಿತು, ಹೊರಗಿನ ಊಟದ ಪ್ರಶ್ನೆ ಹಾಗೆ ಬಗೆಹರಿಯಿತು. ಮೈಸೂರಿನ ವರ್ತುಲ ರಸ್ತೆಯಲ್ಲಿ ನಾವು ನಾಲ್ವರು ಉಂಡು, ಎರಡೂವರೆಗೆ ಹೆದ್ದಾರಿ ಹತ್ತಿದೆವು.

ಉದ್ದಹಾದಿಯವರು ಹೇಳಿದ ಬೇಸರ ನಿಜ. ಮಂಡ್ಯ ದಾಟುವಷ್ಟರಲ್ಲಿ, ನಡುಹಗಲಿನಲ್ಲೂ, ನನ್ನ ಕಣ್ಣು ಭಾರವಾಯಿತು. ಮದ್ದೂರಿನ ಬಳಿ ಕೆಳಗಿಳಿದು ವಡೆಯ ನೆಪದಲ್ಲಿ ನಿಲ್ಲಿಸಿ, ಅಲ್ಲಿಂದ ಹೆಂಡತಿಯ ಕೈಗೆ ಸ್ಟಿಯರಿಂಗ್ ಕೊಟ್ಟೆ. ಹಗಲಾದ್ದರಿಂದ ಅವಳಿಗೆ ತೊಂದರೆಯಿರಲಿಲ್ಲ, ಮೊದಲಿನ ಯೋಜನೆಯಲ್ಲಿ ಈ ಅನುಕೂಲವೇ ಇರಲಿಲ್ಲವೆಂಬುದು ನನಗೆ ಹೊಳೆದದ್ದು ಆಗ. ನೈಸ್ ರಸ್ತೆಯಲ್ಲಿ ತಿರುಗಿ ಐದೂ ಕಾಲಿಗೆ ಮನೆ ಸೇರಿದೆವು.

ತೆರಕಣಾಂಬಿ ತಿರುವಿನವರಿಗೆ: ಬಂಡೀಪುರದ ಉಬ್ಬುಗಳಲ್ಲಿ ಹೆಚ್ಚಿನವಕ್ಕೆ ಬಣ್ಣ ಕಾಣುತ್ತದೆ, ಆದರೆ ಮೇಲುಕಾಮನಹಳ್ಳಿಗೆ ಬರುವ ಮುನ್ನ, ಮರಗಳ ನೆರಳು ರಸ್ತೆಗೆ ಅಡ್ಡ ಬೀಳುವ ಜಾಗದಲ್ಲಿ ಎರಡು ಉಬ್ಬುಗಳು ಇನ್ನೂ ಬರಿದಾಗಿವೆ. ಎರಡನೆಯದರ ಮೇಲೆ ನಾನೇ ಹಾರಿಸಿದೆ. ನಿಮ್ಮ ಮಗನಿಗೆ ಹೇಳಿ.